ಕತ್ತರಿಸದ ಚಾಕು, ಕಾಯಿಸುವ ಗಡ್ಡೆ

ಒಂದು ಕಿವಿ ಮಂದವಾದದ್ದು ಹಲವರಿಗೆ ಮೊದಲು ಗೊತ್ತಾಗುವುದು ಫೋನಿನಲ್ಲಿ. ಎಡಗಿವಿಗೆ ಹಿಡಿದರೆ ಆ ಕಡೆಯವರ ದನಿ ಕೇಳಿಸುತ್ತದೆ, ಏನು ಹೇಳಿದರು ಎಂಬುದು ಮಾತ್ರ ತಿಳಿಯುವುದಿಲ್ಲ. ಬಲಗಿವಿಗೆ ಬದಲಿಸಿದರೆ ಎಲ್ಲ ಸ್ಪಷ್ಟ. ‘ವಯಸ್ಸಾಯ್ತು’ ಎಂದುಕೊಂಡು ಕೆಲವರು ವರ್ಷಗಟ್ಟಲೆ ಬಲಗಿವಿಯಲ್ಲೇ ಮಾತಾಡಿಕೊಂಡು ಇದ್ದುಬಿಡುತ್ತಾರೆ. ಎಡಗಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಸದ್ದು, ಕತ್ತಲಲ್ಲಿ ನಡೆಯುವಾಗ ಒಂಚೂರು ಓಲಾಟ. ವಯಸ್ಸಿನದೇ ತೊಂದರೆಯಾಗಿದ್ದರೆ ಎರಡೂ ಕಿವಿ ಮಂದವಾಗಬೇಕಿತ್ತು. ಒಂದೇ ಕಿವಿ ಸೋತಿತೆಂದರೆ ಕಿವಿಯ ವೈದ್ಯರು ಎಂಆರ್‌ಐ ಮಾಡಿಸುತ್ತಾರೆ. ಕೆಲವೊಮ್ಮೆ ಅದರಲ್ಲಿ, ಒಳಗಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ, ಕಡಲೆಕಾಳಿನಷ್ಟೋ ನೆಲ್ಲಿಕಾಯಿಯಷ್ಟೋ ದೊಡ್ಡ ಗಡ್ಡೆ ಕಾಣುತ್ತದೆ.

ಇದಕ್ಕೆ ವೆಸ್ಟಿಬ್ಯುಲರ್ ಶ್ವಾನೋಮ ಎಂದು ಹೆಸರು. ಹಳೆಯ ವೈದ್ಯರ ಬಾಯಲ್ಲಿ ಅಕೌಸ್ಟಿಕ್ ನ್ಯೂರೋಮ. ನರದ ಎಳೆಗಳಿಗೆ ಹೊದಿಕೆ ಸುತ್ತುವ ಶ್ವಾನ್ ಕೋಶಗಳು ಅಂಕೆ ತಪ್ಪಿ ಬೆಳೆದರೆ ಹೀಗಾಗುತ್ತದೆ. ಇದು ಕ್ಯಾನ್ಸರ್ ಅಲ್ಲ. ಬೇರೆ ಅಂಗಗಳಿಗೆ ಹಬ್ಬುವುದಿಲ್ಲ, ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್. ಕಷ್ಟವಿರುವುದು ಅದು ಕುಳಿತ ಜಾಗದಲ್ಲಿ. ಕೇಳುವ ನರ, ಸಮತೋಲ ಕಾಯುವ ನರ, ಮುಖದ ಸ್ನಾಯುಗಳನ್ನು ಆಡಿಸುವ ನರ, ಮೂರೂ ಒಂದೇ ಎಲುಬಿನ ಕಿರುಗಾಲುವೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಹೋಗುತ್ತವೆ. ಸ್ವಲ್ಪ ಆಚೆಗೆ ಉಸಿರಾಟವನ್ನು ನಡೆಸುವ ಮಿದುಳಕಾಂಡ. ಇಂಥ ಕಡೆ ಚಾಕು ಹಾಕುವುದು ಎಷ್ಟೇ ನುರಿತ ಕೈಗೂ ಕಷ್ಟ.

ಚಾಕು ಇಲ್ಲದೆ ಶಸ್ತ್ರಕ್ರಿಯೆ ಮಾಡಬಹುದೇ ಎಂದು ಯೋಚಿಸಿದವರು ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್. ‘ರೇಡಿಯೋಸರ್ಜರಿ’ ಎಂಬ ಪದವನ್ನು ಅವರು 1951ರಲ್ಲೇ ಬಳಸಿದರು. ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಜೊತೆಗೂಡಿ ದುಡಿದು, 1960ರ ದಶಕದ ಕೊನೆಗೆ ಸ್ಟಾಕ್‌ಹೋಮಿನಲ್ಲಿ ಮೊದಲ ಗಾಮಾ ನೈಫ್ ಯಂತ್ರವನ್ನು ನಿಲ್ಲಿಸಿದರು. ಅದರಲ್ಲಿ ಗಾಮಾ ಕಿರಣ ಸೂಸುವ 179 ಕೋಬಾಲ್ಟ್-60 ತುಣುಕುಗಳಿದ್ದವು. 2006ರಲ್ಲಿ ಬಂದ ಮಾದರಿಯಲ್ಲಿ 192. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಗಾಮಾ ನೈಫ್ ಇದೆ.

ಯಂತ್ರದ ಉಪಾಯ ಸರಳ. ಜಾತ್ರೆಯ ದಿನ ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಾರೆ. ಒಂದೊಂದು ಕಾಲುದಾರಿಯಲ್ಲಿ ನಾಲ್ಕಾರು ಮಂದಿ, ಪಕ್ಕದ ಹೊಲದ ಪೈರಿಗೂ ಏಟು ಬೀಳುವುದಿಲ್ಲ. ಗುಡಿಯ ಮುಂದೆ ಮಾತ್ರ ಕಾಲಿಡಲು ಜಾಗವಿಲ್ಲ. 192 ಕಿರಣಗಳೂ ಹಾಗೆಯೇ: ಒಂದೊಂದೂ ಮಿದುಳನ್ನು ಹಾದುಹೋಗುವಾಗ ತೀರಾ ದುರ್ಬಲ, ಎಲ್ಲ ಬಂದು ಸೇರುವ ಬಿಂದುವಿನಲ್ಲಿ ಪ್ರಬಲ. ತಲೆ ಕೂದಲೆಳೆಯಷ್ಟೂ ಅಲುಗಬಾರದೆಂದು ಚರ್ಮ ಮರಗಟ್ಟಿಸುವ ಸೂಜಿ ಕೊಟ್ಟು, ನಾಲ್ಕು ತಿರುಪುಗಳಿಂದ ಲೋಹದ ಚೌಕಟ್ಟನ್ನು ತಲೆಬುರುಡೆಗೆ ಬಿಗಿಯುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ನಮ್ಮಲ್ಲಿ ‘ಕರೆಂಟ್ ಕೊಡೋದು’ ಎಂದು ಜನ ಕರೆಯುವ ವಿಕಿರಣ ಚಿಕಿತ್ಸೆ ವಾರಗಟ್ಟಲೆ ನಡೆಯುವಂಥದು. ಇದು ಒಂದೇ ದಿನದ್ದು. ತಿರುಪು ಹಾಕಿದ ಕಡೆ ನೋವು, ಒಂದು ಸಂಜೆಯ ತಲೆನೋವು, ಮರುದಿನ ಮನೆ.

ಆದರೆ ಮನೆಗೆ ಬಂದಾಗ ಗಡ್ಡೆ ಇದ್ದ ಹಾಗೆಯೇ ಇರುತ್ತದೆ. ಈ ಚಿಕಿತ್ಸೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ ಇದೇ, ಆಸ್ಪತ್ರೆಯ ಅವಸರದಲ್ಲಿ ಕಿವಿಗೆ ಬೀಳದೆ ಹೋಗುವುದೂ ಇದೇ. ಗಾಮಾ ಕಿರಣ ಕೋಶವನ್ನು ಸುಡುವುದಿಲ್ಲ, ಅದರ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ. ಆ ಪೆಟ್ಟು ತಿಂದ ಕೋಶ ಅಂದೇ ಸಾಯಬೇಕೆಂದಿಲ್ಲ. ಎರಡಾಗಿ ಒಡೆಯಲು ಹೊರಟ ದಿನ ಎಡವುತ್ತದೆ. ಶ್ವಾನೋಮದ ಕೋಶಗಳು ಒಡೆಯುವುದೇ ಅಪರೂಪಕ್ಕೆ. ಹೀಗಾಗಿ ಸಾವೂ ನಿಧಾನ. ಗಡ್ಡೆಗೆ ರಕ್ತ ತರುವ ನಾಳಗಳು ದಪ್ಪಗಟ್ಟಿ ಮುಚ್ಚಿಕೊಳ್ಳುವುದಕ್ಕೂ ತಿಂಗಳು, ವರ್ಷಗಳೇ ಬೇಕು.

ಅಷ್ಟೇ ಅಲ್ಲ, ಆರು ತಿಂಗಳು, ವರ್ಷದ ಹೊತ್ತಿಗೆ ಹಲವರ ಗಡ್ಡೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಒಳಗೆ ಕೋಶಗಳು ಸಾಯುತ್ತಿರುವಾಗ ಬರುವ ಬಾವು ಅದು. ಸ್ಕ್ಯಾನ್ ವರದಿಯಲ್ಲಿ ‘ಗಾತ್ರ ಹೆಚ್ಚಾಗಿದೆ’ ಎಂಬ ಸಾಲು ಓದಿದ ಮನೆಯವರ ಎದೆ ಒಡೆಯುತ್ತದೆ. ಅನುಭವಿ ವೈದ್ಯರು ಆಗ ಅವಸರದಲ್ಲಿ ಶಸ್ತ್ರಕ್ರಿಯೆಗೆ ಕೈಹಾಕುವುದಿಲ್ಲ, ಕಾಯುತ್ತಾರೆ. ಬಹಳಷ್ಟು ಮಂದಿಯಲ್ಲಿ ಆ ಊತ ಒಂದೆರಡು ವರ್ಷದಲ್ಲಿ ಇಳಿಯುತ್ತದೆ. ಗಡ್ಡೆ ಪೂರ್ತಿ ಮಾಯವಾಗುವುದು ಮಾತ್ರ ವಿರಳ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಚಿಕಿತ್ಸೆ ಗೆದ್ದಿತು ಎಂದು ವೈದ್ಯರು ಹೇಳಿದರೆ, ಗಡ್ಡೆ ಬೆಳೆಯುವುದು ನಿಂತಿತು ಎಂದಷ್ಟೇ ಅದರ ಅರ್ಥ. ಇದನ್ನು ರೋಗಿಗೆ ಮೊದಲ ದಿನವೇ ಬಿಡಿಸಿ ಹೇಳಬೇಕು. ಇಲ್ಲವಾದರೆ ಪ್ರತಿ ಸ್ಕ್ಯಾನಿನ ಮುಂದೆಯೂ ‘ಗಡ್ಡೆ ಹೋಯ್ತಾ?’ ಎಂದು ಕೇಳಿ ಅವರು ಪ್ರತಿಸಲವೂ ಸೋತಂತೆ ಮನೆಗೆ ಹೋಗುತ್ತಾರೆ.

ಅಡ್ಡಪರಿಣಾಮಗಳೂ ಹೀಗೆಯೇ ತಡವಾಗಿ ಬರುತ್ತವೆ. ಮೊದಮೊದಲು ಹೆಚ್ಚು ವಿಕಿರಣ ಕೊಡುತ್ತಿದ್ದ ಕಾಲದಲ್ಲಿ, ಕೆಲವು ತಿಂಗಳ ಮೇಲೆ ಮುಖದ ಒಂದು ಪಕ್ಕ ಜೋಲುವುದು, ಕೆನ್ನೆ ಜೋಮು ಹಿಡಿಯುವುದು ಸಾಮಾನ್ಯವಾಗಿತ್ತು. ಪ್ರಮಾಣವನ್ನು ಗಡ್ಡೆಯ ಅಂಚಿನಲ್ಲಿ 12-13 ಗ್ರೇಗೆ (ಗ್ರೇ ಎಂದರೆ ವಿಕಿರಣದ ಅಳತೆ) ಇಳಿಸಿದ ಮೇಲೂ ಗಡ್ಡೆ ತಡೆಯುವ ಬಲ ಕುಗ್ಗಲಿಲ್ಲ, ಮುಖದ ನರ ಮಾತ್ರ ಉಳಿಯತೊಡಗಿತು. ಇಂದು ನೂರರಲ್ಲಿ 95ಕ್ಕೂ ಹೆಚ್ಚು ಮಂದಿಯ ಮುಖ ಮೊದಲಿನಂತೆಯೇ ನಗುತ್ತದೆ. ಕಿವಿಯ ಕಥೆ ಅಷ್ಟು ಸುಖದ್ದಲ್ಲ. ಚಿಕಿತ್ಸೆಗೆ ಮೊದಲು ಚೆನ್ನಾಗಿ ಕೇಳುತ್ತಿದ್ದವರಲ್ಲಿ ಐದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಬಳಕೆಗೆ ಬರುವಷ್ಟು ಶ್ರವಣ ಉಳಿಯುತ್ತದೆ, ಹತ್ತು ವರ್ಷಕ್ಕೆ ಇನ್ನೂ ಕಡಿಮೆ. ವಿಕಿರಣದಿಂದಲೇ ಹೊಸ ಕ್ಯಾನ್ಸರ್ ಬಂದೀತೇ ಎಂಬ ಭಯವೂ ಸಹಜ. ಹಾಗೆ ಆದದ್ದು ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ.

ಹಾಗಾದರೆ ಕಿವಿ ಉಳಿಸಲು ಬೇಗನೆ ಚಿಕಿತ್ಸೆ ಮಾಡಿಸುವುದು ಒಳ್ಳೆಯದೋ, ಕಾಯುವುದು ಒಳ್ಳೆಯದೋ? ನಾರ್ವೆಯ ಬರ್ಗೆನ್ನಿನ ವೈದ್ಯರು ಇದನ್ನು ಪರೀಕ್ಷೆಗೇ ಇಟ್ಟರು. ಸಣ್ಣ, ನಡುಗಾತ್ರದ ಗಡ್ಡೆಯಿದ್ದ 100 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕೂಡಲೇ ರೇಡಿಯೋಸರ್ಜರಿ ಮಾಡಿದರು, ಇನ್ನೊಂದನ್ನು ಬರೀ ಸ್ಕ್ಯಾನ್ ಮಾಡುತ್ತ ಕಾದರು. 2023ರಲ್ಲಿ ಫಲಿತಾಂಶ ಬಂತು. ನಾಲ್ಕು ವರ್ಷದ ಕೊನೆಗೆ ಚಿಕಿತ್ಸೆ ಪಡೆದವರ ಗಡ್ಡೆ ಸರಾಸರಿ 13 ಶೇಕಡಾ ಕುಗ್ಗಿತ್ತು, ಕಾದವರದು 51 ಶೇಕಡಾ ಹಿಗ್ಗಿತ್ತು. ಶ್ರವಣದಲ್ಲಿ ಮಾತ್ರ ಎರಡು ಗುಂಪಿಗೂ ಗಮನಿಸುವಂಥ ವ್ಯತ್ಯಾಸವಿರಲಿಲ್ಲ. ಕಾದ 50 ಮಂದಿಯಲ್ಲಿ 28 ಜನರಿಗೆ ಆ ನಾಲ್ಕು ವರ್ಷದಲ್ಲಿ ಯಾವ ಚಿಕಿತ್ಸೆಯೂ ಬೇಕಾಗಲಿಲ್ಲ. ಕಿವಿಯನ್ನು ಕಳೆಯುವುದು ಕಿರಣವೊಂದೇ ಅಲ್ಲ, ಗಡ್ಡೆಯೂ ಕಳೆಯುತ್ತದೆ.

ಇನ್ನು ಔಷಧಿ. ವಿಕಿರಣದ ನಂತರ ಊತ ಹೆಚ್ಚಾಗಿ ನರವನ್ನೋ ಮಿದುಳನ್ನೋ ಒತ್ತಿದರೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಎರಡು ದಿನದಲ್ಲಿ ತಲೆನೋವು ಇಳಿದು ರೋಗಿ ಎದ್ದು ಕೂರಬಹುದು. ಅದೇ ಗುಳಿಗೆ ವಾರಗಟ್ಟಲೆ ಮುಂದುವರಿದರೆ ಸಕ್ಕರೆ ಏರುತ್ತದೆ, ನಿದ್ದೆ ಹಾರುತ್ತದೆ, ಮುಖ ಊದುತ್ತದೆ, ತೊಡೆಯ ಬಲ ಕುಂದಿ ನೆಲದಿಂದ ಏಳುವುದು ಕಷ್ಟವಾಗುತ್ತದೆ. ಹಾಗೆಂದು ಮನೆಯಲ್ಲೇ ಥಟ್ಟನೆ ನಿಲ್ಲಿಸುವುದು ಇನ್ನೂ ಅಪಾಯ. ದೇಹ ತನ್ನ ಸ್ಟೀರಾಯ್ಡನ್ನು ತಾನೇ ತಯಾರಿಸುವುದನ್ನು ಮರೆತಿರುತ್ತದೆ, ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಸಬೇಕು.

ಗಡ್ಡೆಯನ್ನೇ ಕುಗ್ಗಿಸುವ ಔಷಧಿಯ ಮಾತು ಬರುವುದು ಎನ್‌ಎಫ್‌2 ಎಂಬ ವಂಶವಾಹಿ ಕಾಯಿಲೆಯವರಲ್ಲಿ. ಇವರಿಗೆ ಎರಡೂ ಕಿವಿಯ ನರದಲ್ಲಿ ಗಡ್ಡೆ, ಹಲವರಿಗೆ ಹರೆಯದಲ್ಲೇ. ರೇಡಿಯೋಸರ್ಜರಿಯೂ ಇವರಲ್ಲಿ ಉಳಿದವರಷ್ಟು ಚೆನ್ನಾಗಿ ಫಲಿಸುವುದಿಲ್ಲ. ಒಂದು ಕಿವಿ ಹೋದರೆ ಇನ್ನೊಂದಿದೆ ಎನ್ನುವ ಸಮಾಧಾನವೂ ಇಲ್ಲ. ಹೊಸ ರಕ್ತನಾಳ ಹುಟ್ಟುವುದನ್ನು ತಡೆಯುವ ಬೆವಾಸಿಜುಮ್ಯಾಬ್ ಎಂಬ ಔಷಧಿಯನ್ನು ಬಾಸ್ಟನ್ನಿನ ವೈದ್ಯರು ಇಂಥ 10 ಮಂದಿಗೆ ಕೊಟ್ಟು 2009ರಲ್ಲಿ ವರದಿ ಮಾಡಿದರು: 9 ಜನರ ಗಡ್ಡೆ ಕುಗ್ಗಿತ್ತು. ಇದೇ ಔಷಧಿಯನ್ನು, ವಿಕಿರಣದಿಂದ ಮಿದುಳಿನ ತುಣುಕು ಸತ್ತು ಊತ ಬಂದಾಗ ಅದನ್ನು ಇಳಿಸಲೂ ಈಗ ಬಳಸುತ್ತಾರೆ. ಬೆಲೆಯೂ ಇದೆ: ರಕ್ತದೊತ್ತಡ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಗಾಯ ಬೇಗ ಮಾಯುವುದಿಲ್ಲ. ನಿಲ್ಲಿಸಿದರೆ ಗಡ್ಡೆ ಹಲವರಲ್ಲಿ ಮತ್ತೆ ಬೆಳೆಯುತ್ತದೆ.

ಆ ಹತ್ತು ಮಂದಿಯಲ್ಲಿ ಶ್ರವಣ ಅಳೆಯಲು ಸಾಧ್ಯವಿದ್ದವರು ಏಳು. ಪರೀಕ್ಷೆಯಲ್ಲಿ ಕಿವಿಗೆ ಒಂದೊಂದೇ ಪದ ಕೇಳಿಸುತ್ತಾರೆ, ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು. ಏಳರಲ್ಲಿ ನಾಲ್ವರು ಮೊದಲು ಬರೀ ಸದ್ದಾಗಿದ್ದ ಪದಗಳನ್ನು ಪದಗಳಾಗಿ ತಿರುಗಿ ಹೇಳಿದರು.