ತೆರೆಯ ಮೇಲೆ ಕೂಡುವ ವೈದ್ಯರ ಸಭೆ

ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲರೂ ಕೇಳುವ ಮೊದಲ ಪ್ರಶ್ನೆ, “ಯಾವ ಡಾಕ್ಟರಿಗೆ ತೋರಿಸೋಣ?” ಎಂಬುದು. ಪ್ರಶ್ನೆ ಸಹಜವಾದುದೇ. ಆದರೆ ಈ ವ್ಯಾಧಿಯ ವಿಷಯದಲ್ಲಿ ಅದು ಅರ್ಧ ಪ್ರಶ್ನೆ ಮಾತ್ರ. ಕ್ಯಾನ್ಸರನ್ನು ಎದುರಿಸಲು ವೈದ್ಯರ ಕೈಯಲ್ಲಿರುವ ಆಯುಧಗಳು ಮುಖ್ಯವಾಗಿ ಮೂರು: ಶಸ್ತ್ರ, ಕಿರಣ, ಔಷಧ. ಈ ಮೂರರಲ್ಲಿಯೂ ಸಮಾನ ಪರಿಣತಿಯುಳ್ಳ ವೈದ್ಯರು ದೊರೆಯುವುದು ದುರ್ಲಭ. ಗಂತಿಯನ್ನು ಮೊದಲೇ ಕೊಯ್ದು ತೆಗೆಯುವುದು ಲೇಸೆಂದು ಶಸ್ತ್ರವೈದ್ಯರಿಗೆ ತೋರಬಹುದು. ಔಷಧದಿಂದ ಅದನ್ನು ಕುಗ್ಗಿಸಿ ಆಮೇಲೆ ಕೊಯ್ಯುವುದು ಲೇಸೆಂದು ಇನ್ನೊಬ್ಬರಿಗೆ ತೋರಬಹುದು. ಯಾವುದು ಮೊದಲು, ಯಾವುದು ಅನಂತರ, ಯಾವುದು ಬೇಡವೇ ಬೇಡ ಎಂಬ ನಿರ್ಣಯದಲ್ಲಿಯೇ ಎಷ್ಟೋ ವೇಳೆ ರೋಗಿಯ ಅಳಿವು ಉಳಿವು ಅಡಗಿರುತ್ತದೆ.

ಆದುದರಿಂದಲೇ ದೊಡ್ಡ ಆಸ್ಪತ್ರೆಗಳಲ್ಲಿ ‘ಟ್ಯೂಮರ್ ಬೋರ್ಡ್’ ಎಂಬ ಸಭೆ ಕೂಡುವ ಪದ್ಧತಿ ಬೆಳೆದುಬಂದಿತು. ಸ್ಕ್ಯಾನ್ ಚಿತ್ರಗಳನ್ನು ಓದಬಲ್ಲವರು, ಗಂತಿಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡುವವರು, ಶಸ್ತ್ರವೈದ್ಯರು, ಕಿರಣ ಚಿಕಿತ್ಸಕರು, ಔಷಧ ಚಿಕಿತ್ಸಕರು, ರೋಗಿಯನ್ನು ನಿತ್ಯವೂ ಕಾಣುವ ದಾದಿಯರು ಇವರೆಲ್ಲರೂ ಒಂದೆಡೆ ಕುಳಿತು, ಒಬ್ಬೊಬ್ಬ ರೋಗಿಯ ವಿಷಯವನ್ನೂ ಚರ್ಚಿಸಿ, ಒಂದು ತೀರ್ಮಾನಕ್ಕೆ ಬರುತ್ತಾರೆ.

ಬ್ರಿಟನ್ನಿನ ಅನುಭವ

ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಮುಖ್ಯ ವೈದ್ಯಾಧಿಕಾರಿಗಳಾಗಿದ್ದ ಕೆನ್ನೆತ್ ಕಾಲ್ಮನ್ ಮತ್ತು ಡೀರ್ಡ್ರಿ ಹೈನ್ ಅವರು 1995ರಲ್ಲಿ ಸಲ್ಲಿಸಿದ ವರದಿಯ ಬಳಿಕ ಆ ನಾಡಿನಲ್ಲಿ ಇಂಥ ಸಭೆಗಳು ಕ್ರಮೇಣ ವಾಡಿಕೆಯಾದವು. ಅದೇ ವರ್ಷ ಸ್ಕಾಟ್ಲೆಂಡಿನ ಗ್ಲಾಸ್ಗೋ ಪ್ರದೇಶದಲ್ಲಿಯೂ ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ತಂಡದ ಪದ್ಧತಿ ಬಂದಿತು. ಅದರ ಫಲವೇನಾಯಿತೆಂದು 13,722 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದ ವರದಿಯೊಂದು 2012ರಲ್ಲಿ ಪ್ರಕಟವಾಯಿತು. ಮೊದಲು ನೆರೆಯ ಪ್ರದೇಶಗಳಿಗಿಂತ ಶೇಕಡಾ 11ರಷ್ಟು ಹೆಚ್ಚಾಗಿದ್ದ ಸ್ತನ ಕ್ಯಾನ್ಸರಿನ ಮರಣ ಪ್ರಮಾಣವು, ತಂಡದ ಪದ್ಧತಿ ಬಂದ ಮೇಲೆ ಅವಕ್ಕಿಂತ ಶೇಕಡಾ 18ರಷ್ಟು ಕಡಿಮೆಯಾಗಿತ್ತು! ಇದೆಲ್ಲವೂ ಸಭೆಯೊಂದರ ಮಹಿಮೆಯೇ ಎಂದು ಹೇಳಲಾಗದು. ಆದರೂ ಒಬ್ಬರ ಬುದ್ಧಿಗಿಂತ ಹಲವರ ಬುದ್ಧಿ ಮೇಲೆಂಬುದಕ್ಕೆ ಇದು ಸಾಮಾನ್ಯ ಸಾಕ್ಷ್ಯವಲ್ಲ.

ಹೀಗಿರಲು 2020ರಲ್ಲಿ ಕೋವಿಡ್ ಮಹಾಮಾರಿ ಬಂದಿತು. ಹತ್ತಾರು ವೈದ್ಯರು ಒಂದು ಕೋಣೆಯಲ್ಲಿ ಒತ್ತಾಗಿ ಕುಳಿತುಕೊಳ್ಳುವುದೇ ಅಪಾಯಕರವೆನಿಸಿತು. ರೋಗಿಗಳ ಗಂತಿಗಳಾದರೋ ಮಹಾಮಾರಿ ಮುಗಿಯಲೆಂದು ಕಾಯುವಂಥವಲ್ಲ. ಬೇರೆ ದಾರಿಯಿಲ್ಲದೆ ಸಭೆಯು ಕಂಪ್ಯೂಟರಿನ ತೆರೆಯ ಮೇಲಕ್ಕೆ ಏರಿತು. ಮಹಾಮಾರಿ ಇಳಿದ ಮೇಲೂ ಎಷ್ಟೋ ಆಸ್ಪತ್ರೆಗಳಲ್ಲಿ ಅದು ಅಲ್ಲಿಂದ ಪೂರ್ತಿಯಾಗಿ ಇಳಿದುಬರಲಿಲ್ಲ.

ಈ ಉಪಾಯವು ಅಂದೇ ಹುಟ್ಟಿದುದೇನೂ ಅಲ್ಲ. ಸ್ಕಾಟ್ಲೆಂಡಿನಲ್ಲಿ ಎರಡು ಜಿಲ್ಲಾ ಆಸ್ಪತ್ರೆಗಳನ್ನು ಕ್ಯಾನ್ಸರ್ ಕೇಂದ್ರದ ತಜ್ಞರೊಡನೆ ದೃಶ್ಯವಾಹಿನಿಯ ಮೂಲಕ ಜೋಡಿಸಿ, 473 ಚರ್ಚೆಗಳನ್ನು ಒರೆಗೆ ಹಚ್ಚಿ ನೋಡಿದ ಪ್ರಯೋಗದ ಫಲಿತಾಂಶ 2007ರಲ್ಲಿಯೇ ಹೊರಬಿದ್ದಿತ್ತು. ಎದುರುಬದುರು ಕುಳಿತು ಮಾಡಿದ ತೀರ್ಮಾನಗಳ ಬಗೆಗೆ ವೈದ್ಯರಿಗಿದ್ದ ಒಮ್ಮತವೂ ವಿಶ್ವಾಸವೂ ತೆರೆಯ ಮೂಲಕ ಮಾಡಿದವುಗಳ ಬಗೆಗೂ ಹೆಚ್ಚುಕಡಿಮೆ ಅಷ್ಟೇ ಇದ್ದವು.

ವೈದ್ಯರ ಮೆಚ್ಚಿಕೆ, ವೈದ್ಯರ ಅಳುಕು

ಹೊಸ ಪದ್ಧತಿಯನ್ನು ಮೆಚ್ಚುವ ವೈದ್ಯರು ಮೊದಲು ಹೇಳುವುದು ಪ್ರಯಾಣದ ಉಳಿತಾಯವನ್ನು. ಒಂದು ಗಂಟೆಯ ಸಭೆಗಾಗಿ ಎರಡು ಗಂಟೆ ದಾರಿಯಲ್ಲಿ ಕಳೆಯುವ ಕಷ್ಟ ತಪ್ಪಿತು. ಬಾರದೆ ಇರುತ್ತಿದ್ದವರು ಬರತೊಡಗಿದರು. ಕೋಣೆಯ ಹಿಂದಿನ ಸಾಲಿನಲ್ಲಿ ಕುಳಿತು ಕಣ್ಣು ಕಿರಿದುಮಾಡಿ ನೋಡಬೇಕಾಗಿದ್ದ ಸ್ಕ್ಯಾನ್ ಚಿತ್ರ ಈಗ ಪ್ರತಿಯೊಬ್ಬರ ಕಣ್ಣೆದುರಿಗೇ ಬರುತ್ತದೆ.

ಆದರೆ ಅದೇ ವೈದ್ಯರು ದನಿ ತಗ್ಗಿಸಿ ಹೇಳುವ ಮಾತುಗಳೂ ಉಂಟು. ಸಭೆ ಮುಗಿದು ಬಾಗಿಲ ಬಳಿ ನಿಂತಾಗ, “ಆ ಹೆಂಗಸಿನ ವಿಷಯದಲ್ಲಿ ನನಗೇಕೋ ಸಂದೇಹ” ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವ ಅವಕಾಶ ತೆರೆಯ ಸಭೆಯಲ್ಲಿಲ್ಲ. ಗುಂಡಿಯೊತ್ತಿದೊಡನೆ ಎಲ್ಲರೂ ಮಾಯ. ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದ ಕಿರಿಯರು ಕೇವಲ ಹೆಸರಿನ ಚೌಕಟ್ಟುಗಳಾಗುತ್ತಾರೆ. ಸಭೆ ನಡೆಯುತ್ತಿರುವಾಗಲೇ ಬೇರೆ ಕೆಲಸ ಮಾಡುವ ಚಾಪಲ್ಯವೂ ಇಲ್ಲದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಮೌನದ್ದು. ‘ಮೌನಂ ಸಮ್ಮತಿ ಲಕ್ಷಣಂ’ ಎಂಬುದು ನಮ್ಮಲ್ಲಿ ರೂಢಿಯ ಮಾತು. ಕೋಣೆಯಲ್ಲಾದರೆ ಮೌನಕ್ಕೂ ಒಂದು ಮುಖವಿರುತ್ತದೆ. ಹುಬ್ಬು ಗಂಟಿಕ್ಕಿದುದನ್ನು ಕಂಡು ಅಧ್ಯಕ್ಷರು, “ಏಕೆ, ನಿಮಗೆ ಒಪ್ಪಿಗೆಯಿಲ್ಲವೇ?” ಎಂದು ಕೇಳಿಯಾರು. ಕ್ಯಾಮೆರಾ ಆರಿಸಿ ಕುಳಿತವರ ಮೌನವು ಒಪ್ಪಿಗೆಯೋ, ಅಸಮ್ಮತಿಯೋ, ಅಥವಾ ಸಂಪರ್ಕವೇ ಕಡಿದುಹೋಯಿತೋ ಬಲ್ಲವರಾರು? ಅದರಲ್ಲೂ, “ಈ ಅಜ್ಜಿ ಹಾಸಿಗೆಯಿಂದ ಎದ್ದು ಕೂರಲಾರರು, ಇಷ್ಟು ಕಟುವಾದ ಔಷಧವನ್ನು ತಾಳಿಯಾರೇ?” ಎಂದು ಹೇಳಬಲ್ಲ ದಾದಿಯ ದನಿ ಇಂಥಲ್ಲಿ ಅಡಗಿಹೋಗುವುದು ಸುಲಭ. ಗಂತಿಯ ಚಿತ್ರ ಸ್ಪಷ್ಟವಾಗಿ ಕಾಣುತ್ತಿರುವಾಗಲೇ ಗಂತಿಯನ್ನು ಹೊತ್ತ ಮನುಷ್ಯರು ಮರೆಯಾಗಬಹುದು.

ಕೋಣೆಯ ಸಭೆಯಾದರೂ ದೋಷರಹಿತವೇನಲ್ಲ. ಕ್ಯಾನ್ಸರ್ ರಿಸರ್ಚ್ ಯುಕೆ ಸಂಸ್ಥೆಯು 2017ರಲ್ಲಿ ಹೊರತಂದ ವರದಿಯ ಪ್ರಕಾರ, ಅಲ್ಲಿ ಗಮನಿಸಿದ ಸಭೆಗಳಲ್ಲಿ ಒಬ್ಬ ರೋಗಿಗೆ ದೊರೆತ ಸರಾಸರಿ ವೇಳೆ 3.2 ನಿಮಿಷ. ಇಷ್ಟು ಅವಸರದ ನಡುವೆ ಒಂದು ದನಿ ಕೇಳದೆ ಹೋದರೆ ಅದನ್ನು ಮತ್ತೆ ಹುಡುಕಲು ಬಿಡುವೆಲ್ಲಿ?

ನಮ್ಮ ನಾಡಿನ ಮಾತು

ಬ್ರಿಟನ್ನಿಗೆ ಅನುಕೂಲವೆನಿಸಿದುದು ನಮ್ಮಂಥ ವಿಶಾಲ ದೇಶಕ್ಕೆ ಅವಶ್ಯಕತೆಯೇ ಆಗಿದೆ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರು. ತಜ್ಞರ ಒಂದು ಅಭಿಪ್ರಾಯಕ್ಕಾಗಿ ಬಡ ಸಂಸಾರವೊಂದು ಇಷ್ಟು ದೂರ ಬರಬೇಕಾದರೆ ಕೂಲಿ ಹೋಗುತ್ತದೆ, ಸಾಲ ಬೆಳೆಯುತ್ತದೆ, ದಿನಗಳು ಉರುಳುತ್ತವೆ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ನೇತೃತ್ವದಲ್ಲಿ 2012ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಯಾನ್ಸರ್ ಜಾಲದಲ್ಲಿ ಇಂದು 300ಕ್ಕೂ ಮಿಕ್ಕಿ ಸಂಸ್ಥೆಗಳಿವೆ; ನಮ್ಮ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಅವುಗಳಲ್ಲೊಂದು. ದೂರದ ಆಸ್ಪತ್ರೆಯ ವೈದ್ಯರು ತಮ್ಮ ಜಟಿಲ ಪ್ರಕರಣಗಳನ್ನು ಈ ಜಾಲದ ತೆರೆಯ ಸಭೆಯ ಮುಂದಿಟ್ಟು, ಬೇರೆ ಬೇರೆ ಊರುಗಳ ತಜ್ಞರಿಂದ ಸಲಹೆ ಪಡೆಯಬಹುದು. ಇಲ್ಲಿ ಪ್ರಯಾಣ ಮಾಡುವುದು ರೋಗಿಯ ಕಾಗದಪತ್ರಗಳು, ರೋಗಿಯಲ್ಲ. ಇದು ಸಣ್ಣ ಉಪಕಾರವಲ್ಲ.

ಆದರೆ ಕಾಗದಪತ್ರಗಳಿಗೆ ಬಾಯಿಲ್ಲ. ಆದುದರಿಂದ ರೋಗಿಯನ್ನು ಕಣ್ಣಾರೆ ಕಂಡು, ಕೈಯಾರೆ ಪರೀಕ್ಷಿಸಿದವರೊಬ್ಬರು ಸಭೆಯಲ್ಲಿ ಇದ್ದೇ ತೀರಬೇಕು. ಅಧ್ಯಕ್ಷರು ಪ್ರತಿಯೊಬ್ಬರ ಹೆಸರು ಹಿಡಿದು ಅಭಿಪ್ರಾಯ ಕೇಳಬೇಕು. ತೀರ್ಮಾನವನ್ನು ಅಲ್ಲಿಯೇ ಬರೆದು ಎಲ್ಲರಿಗೂ ಓದಿ ಹೇಳಬೇಕು. ಇವಕ್ಕೆ ಹೊಸ ಯಂತ್ರವೇನೂ ಬೇಡ, ಎಚ್ಚರವೊಂದಿದ್ದರೆ ಸಾಕು.

ಮನೆಮಂದಿಗೂ ಇಲ್ಲಿ ಒಂದು ಕರ್ತವ್ಯವಿದೆ. “ಯಾವ ಡಾಕ್ಟರು?” ಎಂದು ಕೇಳಿದ ಮೇಲೆ ಇನ್ನೂ ಮೂರು ಮಾತು ಕೇಳಲು ಸಂಕೋಚಪಡಬೇಕಾಗಿಲ್ಲ: ನಮ್ಮ ರೋಗಿಯ ವಿಷಯ ವೈದ್ಯರ ಸಭೆಯ ಮುಂದೆ ಬಂದಿತೇ? ಅಲ್ಲಿ ಅವರ ಪರವಾಗಿ ಮಾತನಾಡಿದವರು ಅವರನ್ನು ಕಂಡಿದ್ದರೇ? ಎಲ್ಲರೂ ಒಂದೇ ಮಾತು ಹೇಳಿದರೇ, ಭಿನ್ನಾಭಿಪ್ರಾಯವಿತ್ತೇ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡಲಾರರು. ಸಭೆ ಕೋಣೆಯಲ್ಲಿ ಕೂಡಲಿ, ತೆರೆಯ ಮೇಲೆ ಕೂಡಲಿ, ಅಲ್ಲಿ ಹಾಜರಿಲ್ಲದವರೆಂದರೆ ಯಾರಿಗಾಗಿ ಅದು ಕೂಡಿತೋ ಅವರು. ಅವರ ನೆನಪು ಅಲ್ಲಿ ಕೊನೆಯವರೆಗೂ ಉಳಿಯುವಂತೆ ನೋಡಿಕೊಳ್ಳುವುದು ವೈದ್ಯರ ಹೊಣೆಯೂ ಹೌದು, ನಮ್ಮ ಹೊಣೆಯೂ ಹೌದು.