ವಿಜ್ಞಾನದ ಮಾತು ನಮ್ಮ ಊರಿಗೂ ಬರಲಿ

ಮಗುವಿನ ಹೊಸ ಹಲ್ಲಿನ ಮೇಲೆ ಕಂದು ಗೆರೆ ಕಂಡರೆ ತಾಯಿ ಏನೆಂದುಕೊಳ್ಳುತ್ತಾಳೆ? ಸರಿಯಾಗಿ ಹಲ್ಲುಜ್ಜಿಲ್ಲವೆಂದು ಮಗುವನ್ನು ಗದರುತ್ತಾಳೆ. ಪೇಸ್ಟ್ ಬದಲಿಸುತ್ತಾಳೆ, ಇದ್ದಿಲು ಪುಡಿ ಹಾಕಿ ತಿಕ್ಕುತ್ತಾಳೆ. ಗೆರೆ ಹೋಗುವುದಿಲ್ಲ. ಮಗಳು ದೊಡ್ಡವಳಾದ ಮೇಲೆ ನಾಲ್ಕು ಜನರೆದುರು ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಾಳೆ. ಆದರೆ ಇದರಲ್ಲಿ ಮಗುವಿನ ತಪ್ಪೂ ಇಲ್ಲ, ತಾಯಿಯ ತಪ್ಪೂ ಇಲ್ಲ. ಕಾರಣ ಕುಡಿಯುವ ನೀರಿನಲ್ಲಿರಬಹುದು.

ಕೂಡ್ಲಿಗಿ, ಹರಪನಹಳ್ಳಿ ಭಾಗದ ಹಲವು ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಇಲ್ಲಿನ ಗಟ್ಟಿ ಕಲ್ಲಿನಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಬಹುಕಾಲ ಕಲ್ಲಿನ ಬಿರುಕುಗಳಲ್ಲಿ ನಿಂತರೆ ಆ ಅಂಶ ನಿಧಾನವಾಗಿ ಅದರಲ್ಲಿ ಕರಗುತ್ತದೆ. ಮಳೆ ಕಡಿಮೆಯಾಗಿ ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಈ ಅಪಾಯ ಹೆಚ್ಚು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಇರಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮುಂದೆ ಮೂಳೆ, ಕೀಲುಗಳಿಗೂ ತೊಂದರೆಯಾಗುತ್ತದೆ.

ಫ್ಲೋರೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿದರೂ ಅದು ಹೋಗದು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ. ಆದರೆ ಫ್ಲೋರೈಡ್ ಅಲ್ಲೇ ಉಳಿಯುತ್ತದೆ, ನೀರು ಆವಿಯಾದಷ್ಟೂ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಮನೆಯಲ್ಲಿ ನೀರು ತುಂಬುವವಳು, ಕಾಯಿಸುವವಳು, ಮಕ್ಕಳಿಗೆ ಕುಡಿಸುವವಳು ಹೆಣ್ಣು. ಹಾಗಿದ್ದರೆ ಈ ತಿಳುವಳಿಕೆ ಮೊದಲು ಮುಟ್ಟಬೇಕಾದುದು ಯಾರಿಗೆ?

ದೂರ ಮತ್ತು ಭಾಷೆ

ವಿಶ್ವವಿದ್ಯಾನಿಲಯಗಳಲ್ಲಿ ವಿಶೇಷ ಉಪನ್ಯಾಸ, ವಿಚಾರ ಸಂಕಿರಣ, ಪ್ರಬಂಧ ಮಂಡನೆಗಳು ನಡೆಯುತ್ತಿರುತ್ತವೆ. ಬಳ್ಳಾರಿಯಲ್ಲಿ 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲೂಕುಗಳು ಅದರಲ್ಲಿ ಸೇರಿದವು. ಆದರೆ ಹರಪನಹಳ್ಳಿಯ ಹುಡುಗಿಗೆ ಬಳ್ಳಾರಿ ಈಗಲೂ ನೂರು ಕಿಲೋಮೀಟರಿಗಿಂತ ದೂರವೇ. ಒಂದು ಗಂಟೆಯ ಉಪನ್ಯಾಸ ಕೇಳಲು ಇಡೀ ದಿನ ಕಳೆಯಬೇಕು. ಜೊತೆಗೆ ಯಾರು ಬರುತ್ತಾರೆ, ಕತ್ತಲಾಗುವುದರೊಳಗೆ ಬಸ್ಸು ಸಿಗುತ್ತದೆಯೇ ಎಂದು ಮನೆಯವರು ಕೇಳುತ್ತಾರೆ. ಅದನ್ನು ತಪ್ಪೆನ್ನಲಾಗದು.

ಎರಡನೆಯದು ಭಾಷೆ. ನಮ್ಮ ಅನೇಕ ಮನೆಗಳಲ್ಲಿ ಮಾತು ಉರ್ದು, ಶಾಲೆಯಲ್ಲಿ ಕಲಿತದ್ದು ಕನ್ನಡ. ಸಂಶೋಧನೆಯ ಮಾತಾದರೋ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಭಾರತದ ವಿಶ್ವವಿದ್ಯಾನಿಲಯಗಳ ಸಾವಿರಾರು ಪಿಎಚ್.ಡಿ. ಪ್ರಬಂಧಗಳನ್ನು ‘ಶೋಧಗಂಗಾ’ ಎಂಬ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು. ಬಾಗಿಲು ತೆರೆದೇ ಇದೆ, ಆದರೆ ಒಳಗಿನ ಮಾತು ತಿಳಿಯದಿದ್ದರೆ ಹೋಗಿ ಏನು ಪ್ರಯೋಜನ?

ಕೇಳಲು ಹೋದ ಮಹಿಳೆ

ಸಾರ್ವಜನಿಕ ಉಪನ್ಯಾಸದಿಂದ ಏನು ಮಹಾ ಆಗುತ್ತದೆ ಎನ್ನುವವರು ಲಂಡನ್ನಿನ ಒಂದು ಘಟನೆಯನ್ನು ತಿಳಿಯಬೇಕು. ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ ರಸಾಯನಶಾಸ್ತ್ರದ ಉಪನ್ಯಾಸ ನೀಡುತ್ತಿದ್ದರು. ಅದನ್ನು ಕೇಳಲು ಬರುತ್ತಿದ್ದ ಜೇನ್ ಮಾರ್ಸೆಟ್ ಎಂಬ ಮಹಿಳೆಗೆ ಮೊದಮೊದಲು ಅದು ಸರಿಯಾಗಿ ಅರ್ಥವಾಗಲಿಲ್ಲ. ಆಕೆ ಸುಮ್ಮನಾಗಲಿಲ್ಲ. ತಿಳಿದವರೊಡನೆ ಚರ್ಚಿಸಿ ವಿಷಯವನ್ನು ಮನನ ಮಾಡಿಕೊಂಡರು. ಬಳಿಕ ಒಬ್ಬ ಶಿಕ್ಷಕಿ ಮತ್ತು ಇಬ್ಬರು ಹುಡುಗಿಯರ ಮಾತುಕತೆಯ ರೂಪದಲ್ಲಿ ರಸಾಯನಶಾಸ್ತ್ರದ ಪುಸ್ತಕ ಬರೆದರು.

ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ದುಡಿಯುತ್ತಿದ್ದ ಕಮ್ಮಾರನ ಮಗನೊಬ್ಬ ಆ ಪುಸ್ತಕ ಓದಿದ. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟಿನಿಂದ ಡೇವಿಯ ಉಪನ್ಯಾಸಗಳನ್ನೂ ಕೇಳಿದ. ಮರುವರ್ಷ ಅದೇ ಸಂಸ್ಥೆಯಲ್ಲಿ ಸಹಾಯಕನಾದ. ಆತನೇ ಮೈಕೆಲ್ ಫ್ಯಾರಡೆ. 1831ರಲ್ಲಿ ಆತ ಕಂಡುಹಿಡಿದ ತತ್ವದ ಮೇಲೆಯೇ ಇಂದು ನಮ್ಮ ಮನೆಗೆ ವಿದ್ಯುತ್ ಕೊಡುವ ಜನರೇಟರುಗಳು ತಿರುಗುತ್ತವೆ. ಅರ್ಥವಾಗದ್ದನ್ನು ಅರ್ಥ ಮಾಡಿಕೊಂಡು ಇನ್ನೊಬ್ಬರಿಗೆ ತಿಳಿಸಿದ ಮಹಿಳೆಯ ಪಾಲೂ ಆ ಬೆಳಕಿನಲ್ಲಿದೆ.

ಕನ್ನಡದಲ್ಲೂ ನಡೆದಿದೆ

ಇದು ಪರದೇಶಕ್ಕೆ ಮಾತ್ರ ಸೀಮಿತವಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಿಂದೆ ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ನೀಡುತ್ತಿದ್ದರು. ‘ಪ್ರಚಾರೋಪನ್ಯಾಸ’ ಎಂದೇ ಅದರ ಹೆಸರು. ಉಪನ್ಯಾಸಗಳು ಚಿಕ್ಕ ಪುಸ್ತಕಗಳಾಗಿಯೂ ಬಂದವು. ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಹಾಗಾಗಿ ಮೈಸೂರಿನ ಇಂತಹ ಕೆಲಸದ ಲಾಭ ಆರಂಭದ ವರ್ಷಗಳಲ್ಲಿ ಈ ಭಾಗಕ್ಕೆ ಸಿಗುವಂತಿರಲಿಲ್ಲ.

ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ಅಲ್ಲಿ ವಾರಕ್ಕೊಮ್ಮೆ ವಿಜ್ಞಾನಿಗಳು ಜನಸಾಮಾನ್ಯರೆದುರು ಉಚಿತ ಉಪನ್ಯಾಸ ನೀಡುವ ಪರಂಪರೆ ಬೆಳೆಯಿತು. ಅದಕ್ಕೆ ಬೇಕಾದದ್ದು ಒಂದು ಸಭಾಂಗಣ, ಒಬ್ಬ ಉಪನ್ಯಾಸಕ, ತಪ್ಪದೆ ಬರುವ ಕೇಳುಗರು. ಇಷ್ಟು ನಮ್ಮ ತಾಲೂಕು ಕೇಂದ್ರಗಳಲ್ಲಿ ಸಿಗುವುದಿಲ್ಲವೇ?

ವಿಷಯಕ್ಕೇನೂ ಬರವಿಲ್ಲ

ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆ ಹೊಲಕ್ಕೆ ನೀರುಣಿಸಲು ಕಟ್ಟಿದ್ದು. ಇಂದು ಅದು ಕೊಕ್ಕರೆಗಳ ನೆಲೆ. 2024ರಲ್ಲಿ ಅದನ್ನು ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಆ ಹಕ್ಕಿಗಳು ಇದೇ ಕೆರೆಯನ್ನು ಏಕೆ ಆರಿಸಿಕೊಂಡವು ಎಂದು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಬಂದು ಹೇಳಿದರೆ ಮಕ್ಕಳು ಕೇಳದಿರುತ್ತಾರೆಯೇ? ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಮೊಗ್ಗು ಬೇಗ ಬಾಡದಂತೆ ಇಡುವುದು ಹೇಗೆ ಎಂಬುದು ಮಾಲೆ ಕಟ್ಟುವ ಹೆಣ್ಮಕ್ಕಳ ಸಂಪಾದನೆಯ ಪ್ರಶ್ನೆ. ಕೂಡ್ಲಿಗಿ ತಾಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಕರಡಿಗೂ ರೈತನಿಗೂ ಹೊಂದಾಣಿಕೆ ಹೇಗೆ ಎಂಬುದು ಹೊಲಕ್ಕೆ ಹೋಗುವವರೆಲ್ಲರ ಪ್ರಶ್ನೆ.

ನಾವೇನು ಮಾಡಬಹುದು?

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರ ಅದೇ ದಿನ ಸರ್ ಸಿ.ವಿ. ರಾಮನ್ ತಮ್ಮ ಶೋಧವನ್ನು ಪ್ರಕಟಿಸಿದರು. ಆ ದಿನಕ್ಕಾದರೂ ಒಬ್ಬ ಸಂಶೋಧಕರನ್ನು ಕರೆಸಿ ಕನ್ನಡದಲ್ಲಿ ಮಾತನಾಡಿಸಬೇಕೆಂದು ಸಮೀಪದ ಕಾಲೇಜಿಗೆ ಪತ್ರ ಬರೆಯಬಹುದು. ಮಹಿಳೆಯರಿಗೆ ಅನುಕೂಲವಾದ ಹೊತ್ತು ಸೂಚಿಸಬಹುದು. ಮಹಿಳಾ ಸಂಘಗಳು, ಮೊಹಲ್ಲಾದ ಶಾದಿ ಮಹಲುಗಳು ಜಾಗ ಕೊಡಬಹುದು. ಕಾಲೇಜಿಗೆ ಹೋಗುವ ಮಗಳು ಪಕ್ಕದಲ್ಲಿ ಕುಳಿತು ಅಮ್ಮಿಗೆ ಉರ್ದುವಿನಲ್ಲಿ ಬಿಡಿಸಿ ಹೇಳಬಹುದು. ಅವಳೇ ಆ ಓಣಿಯ ಜೇನ್ ಮಾರ್ಸೆಟ್.

ಅದಕ್ಕೂ ಮುನ್ನ ಮಾಡಬೇಕಾದ ಕೆಲಸವೊಂದಿದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡಲು ಅವಕಾಶ ಕಲ್ಪಿಸಲಾಗಿದೆ. ನಮ್ಮ ಊರಿನಲ್ಲಿ ಆ ಐವರು ಯಾರು, ನಾವು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಗ್ರಾಮ ಪಂಚಾಯತಿಯಲ್ಲಿ ಕೇಳೋಣ. ಉತ್ತರ ಸಿಕ್ಕ ದಿನ ಅದರ ಅರ್ಥ ಹೇಳಲು ವಿಶ್ವವಿದ್ಯಾನಿಲಯದವರನ್ನು ಕರೆಯೋಣ.

ನಮ್ಮ ಬಾವಿಯ ನೀರನ್ನು ಶೀಶೆಯಲ್ಲಿ ತುಂಬಿಕೊಂಡು ಹೋದ ಸಂಶೋಧನೆ ಉತ್ತರದೊಂದಿಗೆ ನಮ್ಮ ಮನೆ ಬಾಗಿಲಿಗೆ ಮರಳಿದಾಗಲೇ ಪೂರ್ಣವಾಗುತ್ತದೆ. ಕೇಳುವವರಿದ್ದರೆ ಹೇಳುವವರು ಖಂಡಿತ ಬರುತ್ತಾರೆ.