ಒಂದು ಪರಮಾಣುವಿನ ಜಾಗ, ಒಂದು ಸೌರಕೋಶದ ಹಣೆಬರಹ

ದ್ರಾವಣವಾಗಿ ಬಳಿದು ತಯಾರಿಸುವ ಸಾವಯವ ಸೌರಕೋಶಗಳ ಜೀವಾಳ ಇರುವುದು ರಸಾಯನ ವಿಜ್ಞಾನಿಗಳು ಅಳೆದು ತೂಗಿ ಕಟ್ಟಿದ ಪುಟ್ಟ ಅಣುಗಳಲ್ಲಿ.

ಸಿಲಿಕಾನ್ ಫಲಕ ಬೇಕೆಂದರೆ ಸಿಲಿಕಾನನ್ನು 1,400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ ಕರಗಿಸಬೇಕು. ಸಾವಯವ ಸೌರಕೋಶಕ್ಕೆ ಅಂಥ ಕುಲುಮೆ ಬೇಡ. ಗಾಢ ಬಣ್ಣದ ಪುಡಿಯನ್ನು ಕ್ಲೋರೋಬೆಂಜೀನ್‌ನಂಥ ದ್ರಾವಕದಲ್ಲಿ ಕರಗಿಸಿ, ಗಿರಗಿರನೆ ತಿರುಗುವ ಗಾಜಿನ ಮೇಲೆ ಹನಿಸುತ್ತಾರೆ. ದ್ರಾವಕ ಆರಿದ ಮೇಲೆ ಉಳಿಯುವುದು ಸುಮಾರು 100 ನ್ಯಾನೋಮೀಟರ್ ದಪ್ಪದ ಪದರ. ಬೆಳಕು ಹೀರಲು ಅಷ್ಟು ಸಾಕು. ಬಾಗುವ ಪ್ಲಾಸ್ಟಿಕ್ ಹಾಳೆಯ ಮೇಲೂ ಇದನ್ನು ಮುದ್ರಿಸಬಹುದು.

ಹತ್ತು ನ್ಯಾನೋಮೀಟರಿನ ಗಡುವು

1986ರಲ್ಲಿ ಕೊಡ್ಯಾಕ್ ಕಂಪನಿಯ ಚಿಂಗ್ ಟ್ಯಾಂಗ್ ಎರಡು ಸಾವಯವ ಪದರಗಳನ್ನು ಒಂದರ ಮೇಲೊಂದು ಕೂರಿಸಿ ಸುಮಾರು ಶೇ 1ರಷ್ಟು ದಕ್ಷತೆ ಪಡೆದರು. ಅದಕ್ಕಿಂತ ಮೇಲೇರುವುದು ಸುಲಭವಿರಲಿಲ್ಲ. ಸಾವಯವ ವಸ್ತುವಿನ ಮೇಲೆ ಬೆಳಕು ಬಿದ್ದರೂ ಇಲೆಕ್ಟ್ರಾನ್ ಒಡನೆಯೇ ಬಿಡುಗಡೆಯಾಗುವುದಿಲ್ಲ. ತಾನು ತೆರವು ಮಾಡಿದ ಧನಾವೇಶದ ಜಾಗಕ್ಕೇ ಅಂಟಿಕೊಂಡಿರುತ್ತದೆ. ಈ ಜೋಡಿ ಸುಮಾರು 10 ನ್ಯಾನೋಮೀಟರ್ ಸಾಗುವಷ್ಟರಲ್ಲಿ ಇಲೆಕ್ಟ್ರಾನನ್ನು ಸೆಳೆದುಕೊಳ್ಳುವ ಬೇರೊಂದು ವಸ್ತು ಸಿಗಬೇಕು. ಸಿಗದಿದ್ದರೆ ಹೀರಿದ ಬೆಳಕು ದಂಡ.

1995ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಅಲನ್ ಹೀಗರ್ ತಂಡ ಇದಕ್ಕೆ ದಾರಿ ತೋರಿತು: ಇಲೆಕ್ಟ್ರಾನ್ ಕೊಡುವ ಪಾಲಿಮರ್ ಮತ್ತು ಪಡೆಯುವ ಫುಲರೀನ್ ಎಂಬ ಇಂಗಾಲದ ಅಣು ಎರಡನ್ನೂ ಒಂದೇ ದ್ರಾವಣದಲ್ಲಿ ಬೆರೆಸಿ ಬಳಿಯುವುದು. ಆಗ ಎರಡೂ ಒಂದರೊಳಗೊಂದು ಹೆಣೆದುಕೊಂಡು, ಎಲ್ಲಿ ನೋಡಿದರೂ ಗಡಿ ಹತ್ತಿರದಲ್ಲೇ ಇರುತ್ತದೆ. ಆದರೆ ಪಾಲಿಮರಿನ ಸರಪಳಿಗಳು ಒಂದೇ ಉದ್ದಕ್ಕೆ ಬೆಳೆಯುವುದಿಲ್ಲ. ಒಂದು ಸಲ ತಯಾರಿಸಿದ್ದರ ಗುಣ ಇನ್ನೊಂದು ಸಲಕ್ಕೆ ಹಾಗೆಯೇ ಬಾರದು. ಪುಟ್ಟ ಅಣುವಿಗೆ ಈ ತೊಡಕಿಲ್ಲ. ಅದರ ಸೂತ್ರ ಒಂದೇ, ತೂಕ ಒಂದೇ. ಶುದ್ಧಗೊಳಿಸಿ, ಹರಳುಗಟ್ಟಿಸಿ, ಎಕ್ಸ್-ರೇಯಿಂದ ಪರೀಕ್ಷಿಸಬಹುದು.

ನೈಟ್ರೋಜನ್ ಹೋಗಿ ಫ್ಲೋರಿನ್ ಬಂತು

ಸಾಂಟಾ ಬಾರ್ಬರಾದಲ್ಲೇ ಗಿಲೆರ್ಮೊ ಬಝಾನ್ ಮತ್ತು ಹೀಗರ್ ತಂಡಗಳು ಕಟ್ಟಿದ ಅಣುವೊಂದನ್ನು ನೋಡಿ. ನಡುವೆ ಇಲೆಕ್ಟ್ರಾನ್ ಸಮೃದ್ಧವಾದ, ಸಿಲಿಕಾನ್ ಪರಮಾಣು ಹೊತ್ತ ಉಂಗುರ. ಅದರ ಎರಡೂ ಬದಿಗೆ ಇಲೆಕ್ಟ್ರಾನ್ ಸೆಳೆಯುವ ಘಟಕಗಳು. ಈ ಎಳೆದಾಟದಿಂದ ಅಣು ಕೆಂಪು ಬೆಳಕನ್ನೂ ಹೀರುತ್ತದೆ. ದ್ರಾವಕದಲ್ಲಿ ಕರಗಲೆಂದು ಇಂಗಾಲದ ಬಾಲಗಳು. ಫುಲರೀನ್ ಜೊತೆ ಬೆರೆಸಿದಾಗ ದಕ್ಷತೆ ಶೇ 4.5ರ ಆಸುಪಾಸಿನಲ್ಲಿತ್ತು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ದ್ರಾವಣಕ್ಕೆ ಶೇ 0.25ರಷ್ಟು ಡೈಅಯೋಡೋಆಕ್ಟೇನ್ ಸೇರಿಸಿದ್ದೇ ತಡ, ಅದು ಶೇ 6.7ಕ್ಕೆ ಏರಿತು. ಪದರದೊಳಗಿನ ಕಣಗಳು 20-30 ನ್ಯಾನೋಮೀಟರಿನಿಂದ 15-20ಕ್ಕೆ ಇಳಿದದ್ದೇ ಇದರ ಗುಟ್ಟು. ಅಳತೆ ಮೀರಿದರೆ ಲಾಭ ಕೈತಪ್ಪುತ್ತದೆ.

ಇನ್ನೊಂದು ತೊಡಕು ಉಳಿದಿತ್ತು. ಅಣುವಿನ ಪಿರಿಡೀನ್ ಉಂಗುರದಲ್ಲಿದ್ದ ನೈಟ್ರೋಜನ್, ಕೋಶದ ತಳದಲ್ಲಿ ಸಾಮಾನ್ಯವಾಗಿ ಬಳಸುವ ಆಮ್ಲೀಯ ಪದರದಿಂದ ಪ್ರೋಟಾನ್ ಪಡೆದು ಕೆಡುತ್ತಿತ್ತು. ತಂಡ ಆ ನೈಟ್ರೋಜನ್ ತೆಗೆದು, ಅಲ್ಲಿ ಫ್ಲೋರಿನ್ ಹೊತ್ತ ಇಂಗಾಲವನ್ನು ಕೂರಿಸಿತು. ಇಲೆಕ್ಟ್ರಾನ್ ಸೆಳೆಯುವ ಗುಣ ಉಳಿಯಿತು, ಆಮ್ಲದ ಕಾಟ ತಪ್ಪಿತು. 2012ರಲ್ಲಿ ಶೇ 7 ಕೊಟ್ಟ ಈ ಹೊಸ ಅಣು, ಕೋಶದ ರಚನೆ ತಿದ್ದಿದ ಮೇಲೆ 2013ರಲ್ಲಿ ಶೇ 8.9 ಮುಟ್ಟಿತು. ಅಣುವಿನ ವಿನ್ಯಾಸವೆಂದರೆ ಇದೇ: ಕೆಟ್ಟದ್ದಕ್ಕೆ ಕಾರಣ ಹುಡುಕಿ, ಆ ಜಾಗಕ್ಕೇ ಕೈಹಾಕುವುದು.

ಇನ್ನು ಬಾಳಿಕೆಯ ಸರದಿ

2015ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಝಾನ್ ಶಿಯಾವೇ ತಂಡ ಇಲೆಕ್ಟ್ರಾನ್ ಪಡೆಯುವ ಕೆಲಸಕ್ಕೂ ಫುಲರೀನ್ ಬದಲಿಗೆ ಐಟಿಐಸಿ ಎಂಬ ಪುಟ್ಟ ಅಣುವನ್ನು ತಂದಿತು. 2019ರಲ್ಲಿ ಚಾಂಗ್‌ಶಾದ ಝೌ ಯಿಂಗ್‌ಪಿಂಗ್ ತಂಡದ ವೈ6 ಅಣು ಪಾಲಿಮರ್ ಜೊತೆಗೂಡಿ ಶೇ 15.7 ತಲುಪಿತು. ಪ್ರಯೋಗಾಲಯದ ಪುಟ್ಟ ಕೋಶಗಳು ಈಗ ಶೇ 20ರ ಆಸುಪಾಸಿನಲ್ಲಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಸಾವಯವ ಸೌರಕೋಶಗಳ ಸಂಶೋಧನೆ ನಡೆದಿದೆ.

ಪಾವಗಡದ ಬಯಲಿನಲ್ಲಿ ಸಾಲುಗಟ್ಟಿರುವ ಸೌರಫಲಕಗಳ ಜಾಗವನ್ನು ಇವು ಸದ್ಯಕ್ಕೆ ತುಂಬಲಾರವು. ಆ ಫಲಕಗಳಿಗೆ 25 ವರ್ಷದ ಖಾತರಿ ಇರುತ್ತದೆ. ಸಾವಯವ ಪದರವನ್ನು ಆಮ್ಲಜನಕ, ತೇವ, ಅತಿನೇರಳೆ ಕಿರಣ ಬೇಗ ಕೆಡಿಸುತ್ತವೆ. ಆದರೆ ಕಿಟಕಿ ಗಾಜು, ಡೇರೆಯ ಬಟ್ಟೆ, ಭಾರ ಹೊರಲಾರದ ಹಗುರ ಚಾವಣಿಗೆ ತಕ್ಕ ವಸ್ತು ಇದೇ. ದಕ್ಷತೆ ಶೇ 1ರಿಂದ 20ರವರೆಗೆ ಬಂದದ್ದು ಬಹುಮಟ್ಟಿಗೆ ಅಣುಗಳನ್ನು ತಿದ್ದುತ್ತ. ಬಾಳಿಕೆಯ ಪ್ರಶ್ನೆಗೂ ಉತ್ತರ ಅಣುವಿನ ಮಟ್ಟದಲ್ಲೇ ಹುಡುಕಬೇಕು. ರಸಾಯನ ವಿಜ್ಞಾನ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಸವಾಲು ಬೇಕಿಲ್ಲ.